ಹನ್ನೊಂದು ನಿಂಬೆಹಣ್ಣು, ಒಂದು ಧಾರೆ ಪಂಚೆ

ನಿಂಬೆಹಣ್ಣು ಕಂಡರೆ ನನಗೆ ಸಿಟ್ಟು ಬರುತ್ತದೆ. ನಗಬೇಡಿ. ಕೆಲವರಿಗೆ ಜಿರಲೆ ಕಂಡರೆ ಆಗುವುದಿಲ್ಲ, ಕೆಲವರಿಗೆ ನಾದಿನಿ ಕಂಡರೆ ಆಗುವುದಿಲ್ಲ, ನನಗೆ ನಿಂಬೆಹಣ್ಣು. ಅಡಿಲೇಡಿನಲ್ಲಿ ಇದೊಂದು ದೊಡ್ಡ ತಾಪತ್ರಯ. ಇಲ್ಲಿ ಮನೆಮನೆಯ ಹಿತ್ತಿಲಲ್ಲೂ ಒಂದು ನಿಂಬೆಗಿಡ ಇರುತ್ತದೆ. ಚಳಿಗಾಲ ಬಂತೆಂದರೆ ಎಲ್ಲರೂ ಚೀಲಗಟ್ಟಲೆ ಹಣ್ಣು ತಂದು ನಮ್ಮ ಶಾಲೆಯ ಸ್ಟಾಫ್ ರೂಮಿನ ಮೇಜಿನ ಮೇಲೆ ಸುರಿದು, ದಯವಿಟ್ಟು ತೆಗೆದುಕೊಂಡು ಹೋಗಿ ಎಂದು ಚೀಟಿ ಇಡುತ್ತಾರೆ. ಮೊನ್ನೆ ಗಣಿತದ ಟೀಚರ್ ಒಬ್ಬರು ನಾಲ್ಕು ಹಣ್ಣನ್ನು ನನ್ನ ಕೈಗೇ ಕೊಡಲು ಬಂದರು, ನೀವು ಇಂಡಿಯನ್ಸ್ ಉಪ್ಪಿನಕಾಯಿ ಹಾಕ್ತೀರಲ್ಲ ಅಂತ. ನಾನು ಬೇಡ ಅಂದ ಧಾಟಿಗೆ ಆಕೆ ಎರಡು ಹೆಜ್ಜೆ ಹಿಂದೆ ಸರಿದರು. ಪಾಪ, ಅವರದೇನೂ ತಪ್ಪಿಲ್ಲ. ಅವರಿಗೆ ನಮ್ಮತ್ತೆ ಗೊತ್ತಿಲ್ಲ.

ವಿಷಯ ಪಂಚೆಯದು. ಆದರೆ ಪಂಚೆಗೆ ಬರುವ ಮೊದಲು ಎಲೆಯ ಕತೆ ಹೇಳಬೇಕು. ಇಲ್ಲದಿದ್ದರೆ ನೀವೂ ಅತ್ತೆಯ ಪಕ್ಷ ಸೇರಿಬಿಡುತ್ತೀರಿ, ಎಲ್ಲರೂ ಸೇರಿದ ಹಾಗೆ.

ಮದುವೆಯಾಗಿ ಬಂದ ಹೊಸದರಲ್ಲಿ ನಾವು ಪರ್ತ್‌ನ ಬೆಂಟ್ಲಿಯಲ್ಲಿದ್ದೆವು. ನನ್ನ ಗಂಡ ಮಂಜು ಡಾಕ್ಟರು. ಈ ದೇಶದಲ್ಲಿ ಡಾಕ್ಟರು ಸ್ಪೆಷಲಿಸ್ಟ್ ಆಗುವವರೆಗೆ ಅವರನ್ನು ಚೆಂಡಿನ ಹಾಗೆ ಊರಿಂದೂರಿಗೆ ಎಸೆಯುತ್ತಾರೆ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಅವನು ಆಸ್ಪತ್ರೆಗೆ ಹೋಗುತ್ತಿದ್ದ, ನಾನು ಪಕ್ಕದ ಯೂನಿವರ್ಸಿಟಿಯಲ್ಲಿ ಟೀಚರ್ ಟ್ರೈನಿಂಗ್ ಮಾಡುತ್ತಿದ್ದೆ. ವಾಟ್ಸ್ಯಾಪ್ ಇನ್ನೂ ನಮ್ಮ ತುಮಕೂರಿನ ಮನೆಯವರೆಗೆ ತಲುಪಿರದ ಸುಖದ ಕಾಲ ಅದು. ಒಂದು ದಿನ ದಿಂಬಿನ ಚೀಲ ಒಗೆದು, ಹಗ್ಗದಲ್ಲಿ ಜಾಗವಿಲ್ಲದೆ, ಹಿತ್ತಿಲಲ್ಲಿದ್ದ ತುಕ್ಕು ಹಿಡಿದ ಕಬ್ಬಿಣದ ಕುರ್ಚಿಯ ಮೇಲೆ ಹರವಿ ಮರೆತೆ. ಎರಡು ದಿನದ ಮೇಲೆ ನೋಡಿದರೆ ಅದರ ಮೇಲೆ ಬಿದ್ದಿದ್ದ ಒಂದು ಗಮ್ ಮರದ ಎಲೆ, ಅದೇ ನಮ್ಮ ನೀಲಗಿರಿಯ ಜಾತಿಯದು, ತನ್ನ ನರಗಳ ಸಮೇತ ಬಟ್ಟೆಯಲ್ಲಿ ಕಪ್ಪಗೆ ಅಚ್ಚಾಗಿತ್ತು. ಎಲೆ ತೆಗೆದೆ, ಎಲೆ ಹೋಗಲಿಲ್ಲ. ನಾನು ಆ ದಿಂಬಿನ ಚೀಲ ಹಿಡಿದುಕೊಂಡು ಬಿಸಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಆ ದಿನದ ಕ್ಲಾಸಂತೂ ತಪ್ಪಿತು.

ಆಮೇಲೆ ಪುಸ್ತಕ ನೋಡಿ ಕಲಿತೆ. ರೇಷ್ಮೆಯನ್ನೋ ಉಣ್ಣೆಯನ್ನೋ ನೆನೆಸಿ, ಮೇಲೆ ಎಲೆ ಹರಡಿ, ನಡುನಡುವೆ ತುಕ್ಕು ಹಿಡಿದ ಮೊಳೆ ಇಟ್ಟು, ಚಾಪೆಯಂತೆ ಬಿಗಿಯಾಗಿ ಸುತ್ತಿ ದಾರ ಕಟ್ಟಿ, ಎರಡು ಮೂರು ಗಂಟೆ ಬೇಯಿಸಬೇಕು. ಬಿಚ್ಚಿದಾಗ ಎಲೆಯ ಬಣ್ಣವೆಲ್ಲ ಬಟ್ಟೆಗೆ ಇಳಿದಿರುತ್ತದೆ. ಒಂದು ಎಲೆ ಕಿತ್ತಳೆ, ಒಂದು ಕಂದು, ಕಬ್ಬಿಣ ತಗುಲಿದ ಕಡೆ ಕಾಡಿಗೆ ಕಪ್ಪು. ಯಾವ ಎಲೆ ಏನು ಕೊಡುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ಈ ಬಿಚ್ಚುವ ಗಳಿಗೆಗಾಗಿ ನಾನು ಊಟ ಬಿಟ್ಟದ್ದುಂಟು, ಪಾಠ ಬಿಟ್ಟದ್ದುಂಟು, ಅನ್ನ ಸೀದದ್ದಂತೂ ಲೆಕ್ಕವಿಲ್ಲ.

ಆಗ ಪಕ್ಕದ ಮನೆಯಲ್ಲಿ ಫ್ಲೇವಿ ಇದ್ದಳು. ಉಡುಪಿ ಕಡೆಯವಳು, ಮಸ್ಕತ್ತಿನಲ್ಲಿ ಹತ್ತು ವರ್ಷ ನರ್ಸಾಗಿದ್ದು ಇಲ್ಲಿಗೆ ಬಂದವಳು. ಒಂದು ಬೆಳಿಗ್ಗೆ ವಾಸನೆ ಹಿಡಿದು ಬಂದು ನನ್ನ ಪಾತ್ರೆಯೊಳಗೆ ಇಣುಕಿದಳು.

"ಎಂತ ಮಾರಾಯ್ತಿ ಇದು, ಯಾರಿಗೆ ಕಷಾಯ?"

"ಕಷಾಯ ಅಲ್ಲ. ದಿಂಬಿನ ಚೀಲ."

"ದಿಂಬು ಬೇಯಿಸುದಾ? ನೀನು ಬಸುರಿಯಾ?"

ಬಿಚ್ಚಿ ತೋರಿಸಿದೆ. ಬಹಳ ಹೊತ್ತು ನೋಡಿದಳು. ಮನೆಗೆ ಹೋಗಿ, ಕ್ರಿಸ್ಮಸ್ ಸಿಹಿತಿಂಡಿ ಮಾಡುವ ತನ್ನ ಹಂಡೆಯಂಥ ಪಾತ್ರೆ ತಂದುಕೊಟ್ಟಳು. "ಇದರಲ್ಲಿ ಬೇಯಿಸು. ಡಿಸೆಂಬರಿಗೆ ವಾಪಸ್ ಕೊಡು, ಸರಿಯಾಗಿ ತೊಳೆದು." ಇದರಿಂದ ಏನು ಪ್ರಯೋಜನ ಅಂತ ಆಕೆ ಕೇಳಲಿಲ್ಲ. ಹತ್ತು ವರ್ಷದಲ್ಲಿ ಅದನ್ನು ಕೇಳದವಳು ಅವಳೊಬ್ಬಳೇ, ಅದಕ್ಕೇ ಅವಳ ಹೆಸರನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲೆಯ ಹುಚ್ಚು ನನಗೆ ಹೊಸದಲ್ಲ. ನಂಜನಗೂಡಿನಲ್ಲಿ ನಮ್ಮಜ್ಜಿ ಮುತ್ತುಗದ ಎಲೆ ಹಚ್ಚುತ್ತಿದ್ದರು. ನಾನು ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತ ಕೂರುತ್ತಿದ್ದೆ. "ನೀನು ಹಿಂಗೆ ಎಲೆ ನೋಡ್ತಾ ಕೂತ್ರೆ ಜನ ಊಟ ಯಾತರಲ್ಲೇ ಮಾಡೋದು," ಅಂತ ಅಜ್ಜಿ ಕಡ್ಡಿಯಿಂದಲೇ ಚುಚ್ಚುತ್ತಿದ್ದರು. ಶಾಲೆಯಲ್ಲಿ ಎಲೆಯ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೆ ಎಲೆ ಮೂಡುತ್ತದಲ್ಲ, ಆ ಆಟದಲ್ಲಿ ನನ್ನ ಗಣಿತದ ನೋಟ್‌ಬುಕ್ ಪೂರ್ತಿ ಕಾಡಾಗಿತ್ತು. ವಾರಕ್ಕೆ ಒಂದೇ ಒಂದು ಡ್ರಾಯಿಂಗ್ ಪೀರಿಯಡ್, ಶುಕ್ರವಾರದ ಕೊನೆಯದು. ಅದನ್ನೂ ಪೋರ್ಷನ್ ಮುಗಿದಿಲ್ಲ ಅಂತ ಗಣಿತದ ಮೇಷ್ಟ್ರು ಕಿತ್ತುಕೊಳ್ಳುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರು ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ತಲೆ ತಗ್ಗಿಸಿ ಹೋಗುತ್ತಿದ್ದರು. ಒಂದು ಸಲವಾದರೂ ಆಗುವುದಿಲ್ಲ ಅನ್ನಬಾರದಿತ್ತೇ ಆ ಮನುಷ್ಯ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಕಡಲು ದಾಟಿ ಬಂದು ನಾನೇ ಆರ್ಟ್ ಟೀಚರ್ ಆದೆ. ಇಲ್ಲೂ ಅದೇ ಹಾಡು. ಈಜುವ ಸ್ಪರ್ಧೆಯೇ, ಆರ್ಟ್ ಕ್ಲಾಸು ತೆಗೆದುಕೊಳ್ಳಿ. ಫೋಟೋ ತೆಗೆಯುವವರು ಬಂದರೇ, ಆರ್ಟ್ ಕ್ಲಾಸಿಂದ ಮಕ್ಕಳನ್ನು ಕಳಿಸಿ. ಪ್ರಿನ್ಸಿಪಾಲರು ಬಹಳ ಮರ್ಯಾದೆಯಿಂದ ಬಂದು, ನಿಮಗೇನೂ ತೊಂದರೆಯಿಲ್ಲ ಅಲ್ಲವೇ ಅನ್ನುತ್ತಾರೆ. ನಾನು ನಗುತ್ತ, ಏನೂ ತೊಂದರೆಯಿಲ್ಲ ಅನ್ನುತ್ತೇನೆ. ಬ್ರಷ್ಷಿನ ಡಬ್ಬಿ ಎತ್ತಿಕೊಂಡು ಹೋಗುತ್ತೇನೆ. ನಂಜನಗೂಡಿನ ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನನಗಿಲ್ಲ ಅಂತ ಗೊತ್ತು, ಆದರೂ ಬರುತ್ತದೆ.

ಇನ್ನು ಮಗು. ಇಂಚರ ಪರ್ತ್‌ನಲ್ಲಿ ಹುಟ್ಟಿದಳು. ಅವಳ ತಳ್ಳುಗಾಡಿಯಲ್ಲಿ ಅವಳಿಗಿಂತ ಹೆಚ್ಚು ಎಲೆ, ತೊಗಟೆ, ಬೀಜದ ಕಾಯಿ ಇರುತ್ತಿದ್ದವು. ಕ್ಯಾನಿಂಗ್ಟನ್ನಿನ ಮಾಲ್‌ನಲ್ಲಿ ಒಬ್ಬ ಹೆಂಗಸು ಮಗು ನೋಡಲು ಬಗ್ಗಿ, ಒಂದು ಕೊಂಬೆ ಕಂಡು ಗಾಬರಿಯಾದದ್ದೂ ಉಂಟು. ಆ ದಿನಗಳಲ್ಲಿ ನನಗೆ ಸಿಕ್ಕ ಉಪದೇಶ ಒಂದೇ: ಮಗು ಮಲಗಿದಾಗ ಮಾಡು. ಅಮ್ಮ ಫೋನಿನಲ್ಲಿ ಹೇಳಿದರು, ಅತ್ತೆ ಹೇಳಿದರು, ಮಂಜು ಹೇಳಿದ. ಮಗು ಮಲಗಿದಾಗ ಅಡಿಗೆ ಮಾಡು, ಮಗು ಮಲಗಿದಾಗ ಪಾಠದ ತಯಾರಿ ಮಾಡು, ಮಗು ಮಲಗಿದಾಗ ನೀನೂ ಮಲಗು. ಈ ಒಂದು ಮಗು ಇಷ್ಟೆಲ್ಲ ಆಗುವಷ್ಟು ಹೊತ್ತು ಮಲಗಬೇಕಾದರೆ ಅದಕ್ಕೆ ಅಫೀಮು ತಿನ್ನಿಸಬೇಕಿತ್ತು. ಮಂಜು ಪರೀಕ್ಷೆಗೆ ಓದುವಾಗ ಮಾತ್ರ ಮಗು ಮಲಗಿದಾಗ ಓದು ಅಂತ ಯಾರೂ ಹೇಳಲಿಲ್ಲ. ಅವನ ಕೋಣೆಯ ಬಾಗಿಲು ಹಾಕಿತ್ತು, ಹೊರಗೆ ನಾವೆಲ್ಲ ಪಿಸುಮಾತಿನಲ್ಲಿದ್ದೆವು.

ಈಗ ಪಂಚೆ. ಎಲೆಯ ಅಚ್ಚು ಚೆನ್ನಾಗಿ ಕೂರುವುದು ಒಳ್ಳೆಯ, ಬಣ್ಣ ಹಾಕದ ರೇಷ್ಮೆಯ ಮೇಲೆ. ನನ್ನ ಸೀರೆಗಳೆಲ್ಲ ಹಸಿರು, ಕೆಂಪು, ನೇರಳೆ. ಇಡೀ ಮನೆಯಲ್ಲಿದ್ದ ಕೆನೆಬಣ್ಣದ ಅಪ್ಪಟ ರೇಷ್ಮೆ ಒಂದೇ, ಪೆಟ್ಟಿಗೆಯ ತಳದಲ್ಲಿದ್ದ ಮಂಜುವಿನ ಧಾರೆ ಪಂಚೆ. ಮದುವೆಯ ದಿನ ಒಂದೂವರೆ ಗಂಟೆ ಉಟ್ಟಿದ್ದ, ಅದೂ ಬಿಚ್ಚಿಹೋಗುತ್ತದೆ ಅನ್ನುವ ಭಯಕ್ಕೆ ಮೇಲೆ ಪ್ಯಾಂಟಿನ ಬೆಲ್ಟ್ ಬಿಗಿದು. ಆಮೇಲೆ ಮುಟ್ಟಿಲ್ಲ. ಗಣಪತಿ ಹಬ್ಬಕ್ಕೂ ಚಡ್ಡಿಯಲ್ಲಿ ಮಂಗಳಾರತಿ ಎತ್ತುವ ಮನುಷ್ಯನಿಗೆ ಪಂಚೆ ಯಾತಕ್ಕೆ. ಮೇಲಾಗಿ ವರನಿಗೆ ಅದನ್ನು ಕೊಡಿಸುವುದು ಹೆಣ್ಣಿನ ಕಡೆಯವರು. ಕೊಡಿಸಿದ್ದು ನಮ್ಮಪ್ಪ. ನ್ಯಾಯವಾಗಿ ಅದು ನನ್ನದೇ ಅಂತ ತೀರ್ಮಾನಿಸಿ, ಯಾರನ್ನೂ ಕೇಳದೆ, ಮೊದಲ ಭಾಗವನ್ನು ಬೆಂಟ್ಲಿಯ ಎಲೆಗಳ ಜೊತೆ ಸುತ್ತಿ ಫ್ಲೇವಿಯ ಪಾತ್ರೆಯಲ್ಲಿ ಬೇಯಿಸಿದೆ. ಆಗ ಇಂಚರ ಇನ್ನೂ ಹೊಟ್ಟೆಯಲ್ಲಿದ್ದಳು. ಪಂಚೆಯ ಉಳಿದ ಎರಡು ಭಾಗವನ್ನು ಏನು ಮಾಡುವುದೋ ತಿಳಿಯದೆ ಹಾಗೇ ಇಟ್ಟೆ.

ಅದನ್ನು ಊರೇ ತೀರ್ಮಾನಿಸಿತು. ಮಂಜುವನ್ನು ಬ್ರಿಸ್ಬೇನ್‌ಗೆ ಎಸೆದರು. ನಾನು ಪರ್ತ್‌ನ ಕೆಲಸ ಬಿಟ್ಟು, ಆ ರಾಜ್ಯದಲ್ಲಿ ಟೀಚರ್ ಅಂತ ಮತ್ತೆ ಹೊಸದಾಗಿ ನೋಂದಾಯಿಸಿಕೊಂಡು, ಮತ್ತೆ ಎಲ್ಲರಿಗಿಂತ ಕಿರಿಯಳಾಗಿ ಶುರುಮಾಡಿದೆ. ಅಲ್ಲಿ ನಮ್ಮದು ಕಂಬಗಳ ಮೇಲೆ ನಿಂತ ಮರದ ಮನೆ, ಅದರಡಿ ಗಾಳಿಯಾಡುವ ಜಾಗ. ಅಲ್ಲಿ ಕೂತು ಪಂಚೆಯ ನಡುಭಾಗ ಮಾಡಿದೆ. ಮೂರು ವರ್ಷದ ಇಂಚರ ಪಕ್ಕದಲ್ಲಿ ಕೂತು ಚಿಕ್ಕ ಚಿಕ್ಕ ಎಲೆಗಳನ್ನು ಅಂಚಿನುದ್ದಕ್ಕೂ ಇರುವೆ ಸಾಲಿನ ಹಾಗೆ ಜೋಡಿಸಿದಳು. ನಾನು ಸರಿಮಾಡಲು ಹೋದರೆ ಕೈ ತಳ್ಳಿ, "ಅಮ್ಮಾ, ಡೋಂಟ್ ಟಚ್, ದಿಸ್ ಒನ್ ಈಸ್ ದ ಡ್ಯಾಡಿ ಆಂಟ್," ಅಂದಳು. ಬೇಯಿಸಿ ಬಿಚ್ಚಿದಾಗ ಆ ಇರುವೆ ಸಾಲು ಕಪ್ಪಗೆ, ಒಂದೂ ತಪ್ಪದೆ ಮೂಡಿತ್ತು. ನನ್ನ ಇಡೀ ಕೆಲಸದಲ್ಲಿ ಅಷ್ಟು ಚೆಂದದ್ದು ಬೇರೆ ಇರಲಿಲ್ಲ, ಅದು ನಾನು ಮಾಡಿದ್ದೂ ಅಲ್ಲ.

ಮತ್ತೆ ಎಸೆದರು, ಈ ಸಲ ಅಡಿಲೇಡಿಗೆ. ಮತ್ತೆ ನೋಂದಣಿ, ಮತ್ತೆ ಕಿರಿಯಳು. ಬ್ರಿಸ್ಬೇನಿನ ಎಲೆಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದಿದ್ದೆ. ಗಿಡಮರದ ರೋಗ ಹರಡುತ್ತದೆಂದು ಒಂದು ರಾಜ್ಯದ ಎಲೆ ಇನ್ನೊಂದಕ್ಕೆ ತರುವಂತಿಲ್ಲ ಅಂತ ವಿಮಾನ ನಿಲ್ದಾಣದಲ್ಲಿ ಎಲ್ಲವನ್ನೂ ಡಬ್ಬಿಗೆ ಹಾಕಿಸಿದರು. ನಾನು ಅಳುಮುಖ ಮಾಡಿಕೊಂಡು ಎಲೆ ಹಾಕುತ್ತಿದ್ದರೆ ಮಂಜು ಮಗುವನ್ನೆತ್ತಿಕೊಂಡು, ಈ ಹೆಂಗಸು ಯಾರೋ ಗೊತ್ತಿಲ್ಲ ಅನ್ನುವ ಹಾಗೆ ದೂರ ನಿಂತಿದ್ದ.

ಊರು ಮೂರಾದರೂ ನನ್ನ ಕೆಲಸಕ್ಕೆ ಸಿಕ್ಕ ಹೆಸರು ಮಾತ್ರ ಒಂದೇ, ಹಾಬಿ. ಕನ್ನಡದವರು ಸೇರುವ ಕಡೆ ರಾಜ್ಯೋತ್ಸವ ಬಂದರೆ ಫೋನು. "ಹೇಗೂ ನೀವು ಆರ್ಟಿಸ್ಟ್ ಅಲ್ವಾ ಮೇಡಂ, ಒಂದು ರಂಗೋಲಿ ಹಾಕ್ಬಿಡಿ, ಹಾಗೇ ಮಕ್ಕಳಿಗೆ ಫೇಸ್ ಪೇಂಟಿಂಗೂ ಮಾಡ್ಬಿಡಿ." ನಲವತ್ತು ಮಕ್ಕಳ ಮುಖಕ್ಕೆ ಹುಲಿ ಬರೆದಿದ್ದೇನೆ. ಅದೇ ಸಭೆಯಲ್ಲಿ ಕೂತ ನಾಲ್ಕು ಜನ ಹೃದಯದ ಡಾಕ್ಟರಿಗೆ, ಹೇಗೂ ನೀವು ಡಾಕ್ಟರ್ ಅಲ್ವಾ, ಒಂದೊಂದು ಬೈಪಾಸ್ ಮಾಡ್ಬಿಡಿ ಅಂತ ಯಾರೂ ಅನ್ನಲಿಲ್ಲ. ಏನು ಮಾಡ್ತಿದೀರಿ ಅಂತ ಯಾರಾದರೂ ಕೇಳಿದರೆ ನಾನೂ ನಾಚಿಕೊಂಡು, ಏನಿಲ್ಲ, ಸುಮ್ನೆ ಟೈಮ್ ಪಾಸ್ ಅನ್ನುತ್ತಿದ್ದೆ. ಆ ಮಾತಿಗೆ ನನ್ನ ಬಾಯಿ ಸೀಳಬೇಕಿತ್ತು.

ಅಡಿಲೇಡಿನ ಕಡಲಂಚಿನ ಗ್ಲೆನೆಲ್ಗ್‌ನಲ್ಲಿ, ಟ್ರಾಮ್ ಹೋಗುವ ಬೀದಿಯ ಹಿಂದಿನ ಓಣಿಯಲ್ಲಿ ಒಂದು ಪುಟ್ಟ ಗ್ಯಾಲರಿ ಇದೆ. ಎಲೆ, ತೊಗಟೆ, ಕಲ್ಲು, ಇಂಥವುಗಳಿಂದ ಕೆಲಸ ಮಾಡುವವರ ಪ್ರದರ್ಶನ ಮಾಡುತ್ತೇವೆ ಅಂತ ಅಲ್ಲಿನ ಹೆಲೆನ್ ಎಂಬಾಕೆ ಅರ್ಜಿ ಕರೆದಿದ್ದಳು. ನಾನು ಪಂಚೆಯ ಕೊನೆಯ ಭಾಗವನ್ನು ಅಡಿಲೇಡಿನ ನಮ್ಮ ಬೀದಿಯ ಗಮ್ ಎಲೆಗಳಿಂದ ಮುಗಿಸಿ ಫೋಟೋ ಕಳಿಸಿದೆ. ಒಂದು ಇಡೀ ಗೋಡೆ ನಿನಗೆ ಎಂದು ಉತ್ತರ ಬಂತು. ಆ ಉತ್ತರವನ್ನು ಶಾಲೆಯ ಬಣ್ಣದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ಮಂಜುವಿಗೆ ಹೇಳಿದೆ. ಅವನು ಫೋನು ನೋಡುತ್ತ "ಗುಡ್, ಗುಡ್" ಅಂದ. ಏಳು ವರ್ಷದ ಕೆಲಸ. ಅಚ್ಚು ಚೆನ್ನಾಗಿ ಕೂರಲಿ ಅಂತ ಅದನ್ನು ಒಗೆಯದೆ, ಬಿಸಿಲು ಬೀಳದ ಗ್ಯಾರೇಜಿನಲ್ಲಿ ಉದ್ದಕ್ಕೆ ತೂಗುಹಾಕಿದೆ. ಎರಡು ತಿಂಗಳು ಅದು ಅಲ್ಲೇ ಇತ್ತು, ಮಂಜುವಿನ ಕಾರಿನ ಪಕ್ಕದಲ್ಲಿ.

ಆಗಲೇ ಅತ್ತೆ ತುಮಕೂರಿನಿಂದ ಆರು ತಿಂಗಳಿಗೆಂದು ಬಂದರು. ಕೆಟ್ಟವರಲ್ಲ ನಮ್ಮತ್ತೆ. ಕೈ ಸುಮ್ಮನಿರುವುದಿಲ್ಲ, ಅಷ್ಟೆ. ಬಂದ ವಾರವೇ ಇಂಚರಳ ಹುಟ್ಟುಹಬ್ಬಕ್ಕೆ ಸತ್ಯನಾರಾಯಣ ಪೂಜೆ ಅಂತ ನಿಶ್ಚಯಿಸಿದರು. "ಮಂಜು ಆ ಧಾರೆ ಪಂಚೆ ಉಟ್ಕೊಂಡೇ ಕೂತ್ಕೊಳ್ಳಲಿ. ಎಲ್ಲಿಟ್ಟಿದೀಯಮ್ಮ?"

"ಪೆಟ್ಟಿಗೇಲಿದೆ ಅತ್ತೆ," ಅಂದೆ.

ಇಷ್ಟೇ. ನಾಲ್ಕು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅತ್ತೆ, ಅದರ ಮೇಲೆ ಹೀಗೆ ಮಾಡಿದ್ದೇನೆ, ಬನ್ನಿ ತೋರಿಸುತ್ತೇನೆ ಅನ್ನಬಹುದಿತ್ತು. ಹದಿನಾಲ್ಕು ವರ್ಷದ ಮಕ್ಕಳಿಗೆ ದಿನಾ ನಿಂತು ಧೈರ್ಯವಾಗಿ ಗೆರೆ ಎಳೆಯಿರಿ ಅಂತ ಪಾಠ ಮಾಡುವವಳಿಗೆ ಅತ್ತೆಯ ಮುಂದೆ ನಾಲಿಗೆ ಏಳಲಿಲ್ಲ.

ಪೂಜೆಗೆ ಮೂರು ದಿನ ಇತ್ತು. ನಾನು ಶಾಲೆಯಿಂದ ಬಂದೆ. ಇಲ್ಲಿನ ಹಿತ್ತಿಲುಗಳಲ್ಲಿ ಕೊಡೆಯಂತೆ ಬಿಚ್ಚಿಕೊಂಡು ಗಾಳಿಗೆ ತಿರುಗುವ ಬಟ್ಟೆ ಒಣಗಿಸುವ ಕಂಬ ಇರುತ್ತದೆ. ಅದರ ಮೇಲೆ ಒಂದು ಉದ್ದನೆಯ ಕೆನೆಬಣ್ಣದ ಬಟ್ಟೆ ನಿಧಾನಕ್ಕೆ ತಿರುಗುತ್ತಿತ್ತು. ಯಾರದ್ದೋ ಬಟ್ಟೆ ಅಂದುಕೊಂಡೆ. ಆಮೇಲೆ ಜರಿಯಂಚು ಕಾಣಿಸಿತು. ಕೆಳಗೆ ಒಂದು ಬೋಗುಣಿ, ಉಪ್ಪಿನ ಡಬ್ಬಿ, ಪಕ್ಕದಲ್ಲಿ ಹಿಂಡಿದ ನಿಂಬೆಹಣ್ಣಿನ ಹೋಳುಗಳು. ನಮ್ಮ ಗಿಡದ್ದೇ. ಆಮೇಲೆ ಎಣಿಸಿದೆ, ಹನ್ನೊಂದು ಹಣ್ಣು.

ತುಕ್ಕಿನ ಕರೆಗೆ ನಿಂಬೆಹುಳಿ, ಉಪ್ಪು, ಬಿಸಿಲು. ನಮ್ಮ ಕಡೆ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಿಲ್ಲ. ಕಬ್ಬಿಣದ ಕಪ್ಪೆಲ್ಲ ಅದಕ್ಕೆ ಕರಗಿ ಹೋಗುತ್ತದೆ. ಹೋಗಿತ್ತು.

"ನೋಡಮ್ಮ, ಹೇಗಿತ್ತು, ಹೇಗಾಯ್ತು," ಅಂದರು ಅತ್ತೆ. ಮೆಟ್ಟಿಲ ಮೇಲೆ ಕೂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. "ಫ್ರೀಜರಿಂದ ತೆಂಗಿನತುರಿ ತರೋಣ ಅಂತ ಗ್ಯಾರೇಜಿಗೆ ಹೋದೆ. ಅಲ್ಲಿ ಒರೆಸೋ ಬಟ್ಟೆ ಥರ ನೇತಾಡ್ತಿದೆ. ಮೈಯೆಲ್ಲ ಎಲೆ ಅಂಟ್ಕೊಂಡಿರೋ ಗುರುತು, ತುಕ್ಕಿನ ಕರೆ. ಅಂಚು ನೋಡಿದ ತಕ್ಷಣ ಗೊತ್ತಾಯ್ತು ನನಗೆ, ನಿಮ್ಮಪ್ಪ ಕೊಡಿಸಿದ್ದು. ಒಂಬತ್ತಕ್ಕೆ ಕೂತೋಳು ಮೂರಕ್ಕೆ ಎದ್ದೆ ನೋಡು. ನೀನೇನೂ ಹೆದರ್ಕೋಬೇಡ, ಕೆಲಸದ ಗಡಿಬಿಡೀಲಿ ಎಲ್ಲರಿಗೂ ಆಗುತ್ತೆ. ನಾನು ಮಂಜುಗೂ ಹೇಳಲ್ಲ."

ನಾನು ಹಾಳುಮಾಡಿ ಬಚ್ಚಿಟ್ಟಿದ್ದೇನೆ ಅಂದುಕೊಂಡು, ಸೊಸೆಯ ಮಾನ ಉಳಿಸಲು ಆರು ಗಂಟೆ ತಿಕ್ಕಿದ್ದರು.

"ಕರೆ ಅಲ್ಲ ಅತ್ತೆ ಅದು. ನಾನು ಮಾಡಿದ್ದು," ಅಂದೆ.

"ಮಾಡಿದ್ದು ಅಂದ್ರೆ?"

"ಬೇಕಂತಲೇ ಮಾಡಿದ್ದು. ಏಳು ವರ್ಷ ಮಾಡಿದ್ದು. ಇನ್ನು ಹತ್ತು ದಿನಕ್ಕೆ ಅದು ಪ್ರದರ್ಶನಕ್ಕೆ ಹೋಗ್ಬೇಕಿತ್ತು."

"ಧಾರೆ ಪಂಚೆ ಮೇಲೆ ಬೇಕಂತ ತುಕ್ಕು ಹಿಡಿಸಿದ್ಯಾ?" ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಮತ್ತೆ ಪೆಟ್ಟಿಗೇಲಿದೆ ಅಂದ್ಯಲ್ಲಮ್ಮ ನೀನು."

ಅದಕ್ಕೇ ಕೂಗಿದೆ. ನಿಮಗೆ ಒಂದು ಗಳಿಗೆ ಸುಮ್ಮನೆ ಕೂರೋಕೆ ಬರಲ್ವಾ, ಯಾರು ಹೇಳಿದ್ರು ನಿಮಗೆ ಮುಟ್ಟಿ ಅಂತ, ಬಂದ ಮನೇಲಿ ಬಂದ ಹಾಗೆ ಇರಬಾರದಾ. ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಎಪ್ಪತ್ತರ ಹೆಂಗಸು ತನ್ನ ಕೈ ನೋಡಿಕೊಂಡರು. ನಿಂಬೆಹುಳಿಗೆ ಬೆರಳ ಸಂದಿಯೆಲ್ಲ ಕೆಂಪಗೆ ಸುಲಿದಿತ್ತು. ನನಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಇನ್ನೂ ಸಿಟ್ಟು ಬಂತು. ಬಟ್ಟೆಯನ್ನು ಹತ್ತಿರ ಹೋಗಿ ನೋಡಿದೆ. ಕಿತ್ತಳೆಯ ಎಲೆಗಳು ಹಳದಿ ನೆರಳಾಗಿ ಉಳಿದಿದ್ದವು. ಕಪ್ಪು ಎಲ್ಲೂ ಇರಲಿಲ್ಲ. ಇಂಚರಳ ಇರುವೆ ಸಾಲು ಇದ್ದ ಜಾಗ ಎಷ್ಟು ಚೊಕ್ಕಟವಾಗಿತ್ತೆಂದರೆ, ಅಲ್ಲಿ ಅವರು ಎರಡೆರಡು ಸಲ ತಿಕ್ಕಿರಬೇಕು.

ಮಂಜು ಬಂದ. ಅತ್ತೆ ಒಂದು ಕೋಣೆಯಲ್ಲಿ, ನಾನೊಂದು ಕೋಣೆಯಲ್ಲಿ. ನಡುವೆ ಕೂತಿದ್ದ ಇಂಚರ, "ದೇ ಹ್ಯಾಡ್ ಎ ಫೈಟ್ ಅಬೌಟ್ ಎ ಶೀಟ್," ಅಂತ ವರದಿ ಒಪ್ಪಿಸಿದಳು. ಅವನು ಇಬ್ಬರನ್ನೂ ಕರೆದು ವಿಚಾರಣೆಗೆ ಕೂತ.

"ಗ್ಯಾರೇಜಲ್ಲಿ ಎರಡು ತಿಂಗಳಿಂದ ತೂಗುಹಾಕಿದ್ನಲ್ಲ, ಅದು," ಅಂದೆ ನಾನು. "ದಿನಾ ಅದರ ಪಕ್ಕದಲ್ಲೇ ಕಾರು ಹತ್ತಿ ಇಳೀತೀಯಲ್ಲ. ಏನು ಅಂದ್ಕೊಂಡಿದ್ದೆ ಅದನ್ನ?"

ಅವನು ಯೋಚಿಸಿದ. "ಅದಾ? ಪೇಂಟ್ ಮಾಡೋರು ನೆಲಕ್ಕೆ ಹಾಸೋ ಶೀಟ್ ಅಲ್ವಾ? ಓನರ್ ಬಿಟ್ಟು ಹೋಗಿದಾರೆ ಅಂದ್ಕೊಂಡೆ."

"ನಿನ್ನ ಧಾರೆ ಪಂಚೆ ಕಣೋ ಅದು," ಅಂದರು ಅತ್ತೆ.

"ಹೌದಾ? ನನ್ನ ಹತ್ರ ಪಂಚೆ ಇತ್ತಾ?" ಅಂದ. ಆಮೇಲೆ ಇಬ್ಬರ ಮುಖ ನೋಡಿ, "ಹೋಗ್ಲಿ ಬಿಡಿ, ಒಂದು ಬಟ್ಟೆಗೆ ಇಷ್ಟೆಲ್ಲ ಯಾಕೆ. ಇನ್ನೊಂದು ಮಾಡಿದ್ರಾಯ್ತು, ಹತ್ತು ದಿನ ಇದೆಯಲ್ಲ," ಅಂದ.

ನಾನು ಅವತ್ತಿನವರೆಗೆ ಸಿಟ್ಟನ್ನೆಲ್ಲ ಚಿಲ್ಲರೆಯಾಗಿ ಖರ್ಚು ಮಾಡಿದ್ದೆ. ಶಾಲೆಯ ಮೇಲೆ ಒಂದಿಷ್ಟು, ರಾಜ್ಯೋತ್ಸವದವರ ಮೇಲೆ ಒಂದಿಷ್ಟು, ಅತ್ತೆಯ ಮೇಲೆ ಆಗತಾನೆ ಒಂದಿಷ್ಟು. ಅತ್ತೆ ಅದನ್ನು ಹಾಳುಮಾಡಿದರು, ಸರಿ. ಆದರೆ ಕತ್ತಲ ಗ್ಯಾರೇಜಿನಲ್ಲಿ ಅಂಚು ನೋಡಿ ಒಂದು ಗಳಿಗೆಯಲ್ಲಿ ಗುರುತು ಹಿಡಿದರು. ಆ ಬಟ್ಟೆಯ ಒಂದೊಂದು ಎಲೆಯನ್ನೂ, ಒಂದೊಂದು ಇರುವೆಯನ್ನೂ ಹುಡುಕಿ ಹುಡುಕಿ ಆರು ಗಂಟೆ ನೋಡಿದರು. ಈ ಮನುಷ್ಯ ಎರಡು ತಿಂಗಳು ದಿನಕ್ಕೆರಡು ಸಲ ಅದಕ್ಕೆ ಭುಜ ತಾಗಿಸಿಕೊಂಡು ಹೋದ, ಉಟ್ಟವನೂ ಅವನೇ, ಅವನಿಗೆ ಕಾಣಲಿಲ್ಲ. ಅತ್ತೆ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ರಾಜಿಯೇನೂ ಆಗಲಿಲ್ಲ. ಆದರೆ ಆ ಹೊತ್ತಿಗೆ ನಾವಿಬ್ಬರೂ ಒಂದೇ ಕಡೆ ಕೂತಿದ್ದೆವು.

ಮರುದಿನ ಬೆಳಿಗ್ಗೆ ತಿಂಡಿಗೆ ನಿಂಬೆಹಣ್ಣಿನ ಚಿತ್ರಾನ್ನ. ಗಿಡದಲ್ಲಿ ಇನ್ನೂ ನಾಲ್ಕು ಹಣ್ಣು ಉಳಿದಿದ್ದವಂತೆ. ನಾನು ಬ್ರೆಡ್ ತಿಂದು ಶಾಲೆಗೆ ಹೋದೆ.

ಹತ್ತು ದಿನ ನಮ್ಮ ನಡುವೆ ಮಾತಿಲ್ಲ. ಉಪ್ಪು ಬೇಕಾದರೆ, "ಇಂಚರಾ, ಅಮ್ಮಂಗೆ ಉಪ್ಪು ಎಲ್ಲಿದೆ ಕೇಳು," ಅವಳು, "ಅಮ್ಮಾ, ಅಜ್ಜಿ ವಾಂಟ್ಸ್ ಸಾಲ್ಟ್," ಹೀಗೆ. ಪೂಜೆಯಾಯಿತು. ಮಂಜು ಪಾಯಿಜಾಮದಲ್ಲಿ ಕೂತ. ಹೆಲೆನ್‌ಗೆ ಫೋನು ಮಾಡಿ, ಕೆಲಸ ಹಾಳಾಗಿದೆ, ನನ್ನನ್ನು ಕೈಬಿಡಿ ಅಂದೆ. ಆಕೆ ಇದ್ದದ್ದನ್ನೇ ತಾ, ಆ ಗೋಡೆಗೆ ಬೇರೆಯವರನ್ನು ಹುಡುಕಲು ಈಗ ಸಮಯವಿಲ್ಲ ಅಂದಳು. ಅಡಿಲೇಡಿನ ಭಾಗವನ್ನು ಮತ್ತೆ ಬೇಯಿಸಿದೆ, ಆ ಮರ ಬೀದಿಯಲ್ಲೇ ಇತ್ತು. ಪರ್ತ್ ಮತ್ತು ಬ್ರಿಸ್ಬೇನಿನ ಜಾಗದಲ್ಲಿ ಅಡಿಲೇಡಿನ ಎಲೆ ಇಟ್ಟು ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಮೂರು ವರ್ಷದ ಇಂಚರ ಎಲ್ಲಿಂದ ಬರಬೇಕು. ಆ ಎರಡು ಭಾಗವನ್ನು ಹಳದಿ ನೆರಳಿನ ಸಮೇತ ಹಾಗೇ ಬಿಟ್ಟೆ. ಕಲಾವಿದೆಗೆ ಹೊಳೆದ ದೊಡ್ಡ ಸತ್ಯ ಅಂತ ತಿಳಿಯಬೇಡಿ. ಸಮಯ ಇರಲಿಲ್ಲ, ಸಿಟ್ಟಿತ್ತು.

ಪ್ರದರ್ಶನ ಶುರುವಾದದ್ದು ಒಂದು ಭಾನುವಾರ ಮಧ್ಯಾಹ್ನ. "ಸಂಡೇ ಆಫ್ಟರ್‌ನೂನ್ ಫ್ರೀ ಇದೀನಿ, ನಾನೂ ಬರ್ತೀನಿ," ಅಂದ ಮಂಜು, ದೊಡ್ಡ ಉಪಕಾರದ ಹಾಗೆ. ಹೊರಡುವಾಗ ನೋಡಿದರೆ ಅತ್ತೆ ರೇಷ್ಮೆ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬನ್ನಿ ಅಂತ ನಾನು ಕರೆದಿರಲಿಲ್ಲ. ಬರಬೇಡಿ ಅಂತಲೂ ಅನ್ನಲಿಲ್ಲ. ಗ್ಯಾಲರಿಯಲ್ಲಿ ಹೆಲೆನ್ ಅವರಿಗೊಂದು ಕುರ್ಚಿ ಕೊಟ್ಟಳು. ಅವರು ಅದನ್ನು ಎಳೆದುಕೊಂಡು ಹೋಗಿ ಸರಿಯಾಗಿ ನನ್ನ ಗೋಡೆಯ ಎದುರಿಗೆ ಹಾಕಿಕೊಂಡು ಕೂತರು.

ನಾನೇನು ಮಾಡುತ್ತಿದ್ದೆ ಅಂದುಕೊಂಡಿರಿ? ಕೋಡುಬಳೆ ಹಂಚುತ್ತಿದ್ದೆ. ಬರಿಗೈಯಲ್ಲಿ ಹೋಗಬಾರದು ಅಂತ ಬೆಳಿಗ್ಗೆ ಎದ್ದು ಕರಿದು ತಂದು, ನನ್ನದೇ ಪ್ರದರ್ಶನದಲ್ಲಿ ತಟ್ಟೆ ಹಿಡಿದು ಓಡಾಡುತ್ತಿದ್ದೆ. ಒಬ್ಬ ಹೆಂಗಸು ಕೋಡುಬಳೆ ಕಡಿಯುತ್ತ, ಆ ಮಾಸಿದ ಭಾಗ ಎಷ್ಟು ಸೂಕ್ಷ್ಮ, ನೆನಪು ಅಳಿಸುವ ಹಾಗೆ ಅಂದಳು. ತಟ್ಟೆ ಅವಳ ತಲೆಗೆ ಬಡಿಯದಿದ್ದದ್ದು ನನ್ನ ಪುಣ್ಯ.

ಅಷ್ಟರಲ್ಲಿ ಗೋಡೆಯ ಹತ್ತಿರ ಜನ ಸೇರಿದರು. ಮಂಜು ಪಂಚೆಯ ಮುಂದೆ, ಒಂದು ಕೈ ಜೇಬಿನಲ್ಲಿಟ್ಟು ನಿಂತಿದ್ದ. "ಆ್ಯಕ್ಚುಲಿ, ದಿಸ್ ಈಸ್ ಮೈ ವೆಡ್ಡಿಂಗ್ ಧೋತಿ," ಅನ್ನುತ್ತಿದ್ದ. ಜನ ಓಹೋ ಅಂದರು. ಒಬ್ಬ ಮುದುಕ ಎಷ್ಟು ಕಾಲ ಹಿಡಿಯಿತು ಅಂತ ಅವನನ್ನೇ ಕೇಳಿದ. "ಸೆವೆನ್ ಇಯರ್ಸ್," ಅಂದ ಮಂಜು. "ಪರ್ತ್, ಬ್ರಿಸ್ಬೇನ್, ದೆನ್ ಹಿಯರ್. ಇಟ್ಸ್ ಬೀನ್ ಎ ಜರ್ನಿ." ಮುದುಕ ಅವನ ಕೈ ಕುಲುಕಿದ. ಇನ್ನಿಬ್ಬರು ಕುಲುಕಿದರು. ನನ್ನ ಕಿವಿ ಕಾದು ಹೋದವು. ಹಿತ್ತಿಲಲ್ಲಿ ಎಪ್ಪತ್ತರ ಹೆಂಗಸಿನ ಮೇಲೆ ಕೂಗಿದ ಗಂಟಲು ಅಲ್ಲಿ ಏಳಲಿಲ್ಲ. ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ.

"ಮಂಜು," ಅಂದರು ಅತ್ತೆ, ಕುರ್ಚಿಯಿಂದಲೇ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಕೈ ಕುಲುಕುವುದು ಅರ್ಥವಾಗುತ್ತದೆ.

"ಏನಮ್ಮ?"

"ಪಕ್ಕಕ್ಕೆ ನಿಂತ್ಕೊ. ಜನಕ್ಕೆ ಕಾಣಲ್ಲ."

ಅವನು ನಗುತ್ತ ಒಂದು ಹೆಜ್ಜೆ ಸರಿದ.

"ಇನ್ನೂ ಸ್ವಲ್ಪ."

ಅವನು ಗೋಡೆಯ ತುದಿಯವರೆಗೆ ಸರಿದ. ಅತ್ತೆ ಎದ್ದು ಬಂದು, ಹತ್ತು ದಿನದ ಮೇಲೆ ಮೊದಲ ಸಲ ನನ್ನ ಹತ್ತಿರ ನಿಂತು, ನನ್ನ ಕೈಯಿಂದ ಕೋಡುಬಳೆಯ ತಟ್ಟೆ ತೆಗೆದುಕೊಂಡರು. ಅವರ ಬೆರಳಿನ ಚರ್ಮ ಇನ್ನೂ ಸುಲಿದ ಹಾಗೇ ಇತ್ತು. ತಟ್ಟೆಯನ್ನು ಮಂಜುವಿನ ಕೈಗೆ ಕೊಟ್ಟು, "ತಗೋ, ನೀನು ಹಂಚು," ಅಂದರು.

ಆಮೇಲೆ ನನ್ನ ಕಡೆ ತಿರುಗಿ, "ಹೋಗಮ್ಮ, ಅಲ್ಲಿ ನಿಂತ್ಕೊ," ಅಂದರು.

ಹೋಗಿ ನಿಂತೆ.